ಹಸುವಿನ ಕಸ ಬೀಳುವುದು ಹೇಗೆ?

ಕರು ಹಾಕಿ ಹನ್ನೆರಡು ಗಂಟೆ ಕಳೆದರೂ ಕಸ ಬೀಳಲಿಲ್ಲ ಅಂದರೆ ಮನೆಯವರಿಗೆಲ್ಲ ತಳಮಳ. "ಯಾಕೆ ಬೀಳಲಿಲ್ಲ?" ಅಂತ ಎಲ್ಲರೂ ಕೇಳುತ್ತಾರೆ. ನನಗನ್ನಿಸುವಂತೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಉಳಿದ ಹಸುಗಳಲ್ಲಿ ಅದು ಬೀಳುವುದಾದರೂ ಹೇಗೆ? ಒಂಬತ್ತು ತಿಂಗಳು ಗರ್ಭಕೋಶಕ್ಕೆ ಬಿಗಿಯಾಗಿ ಕಚ್ಚಿಕೊಂಡಿದ್ದ ವಸ್ತು, ಕರು ಹುಟ್ಟಿದ ಆರೆಂಟು ಗಂಟೆಯೊಳಗೆ ಯಾರೂ ಕೈ ಹಾಕದೆ ಕಳಚಿಕೊಂಡು ಬರುತ್ತದಲ್ಲ! ಇದು ಹೇಗೆಂದು ತಿಳಿದುಕೊಂಡರೆ, ಬೀಳದಿದ್ದಾಗ ಏನು ಮಾಡಬಾರದು ಎಂಬುದು ಅರ್ಧಕ್ಕರ್ಧ ಹೊಳೆದುಬಿಡುತ್ತದೆ.

(ಕಸ ಎಂದದ್ದು ನಮ್ಮ ಕಡೆಯ ಮಾತು. ಬಯಲುಸೀಮೆಯವರು ಸತ್ತೆ ಅಂತಾರೆ, ಇನ್ನು ಕೆಲವು ಕಡೆ ಮಾಸು. ಹೆಸರು ಏನೇ ಇರಲಿ, ಫಜೀತಿ ಒಂದೇ.)

ಟಿಚ್ ಬಟನ್ ಇದ್ದ ಹಾಗೆ

ಹಸುವಿನ ಗರ್ಭಕೋಶದ ಒಳಗೋಡೆ ನುಣ್ಣಗಿಲ್ಲ. ಅಲ್ಲಲ್ಲಿ ಗುಂಡಿಗಳ ಹಾಗೆ ಉಬ್ಬುಗಳಿವೆ. ಗಬ್ಬದ ಹಸುವಿನಲ್ಲಿ ಇಂಥವು ಸುಮಾರು 70ರಿಂದ 120. ಗಬ್ಬ ಬಲಿತಂತೆ ಇವು ಊದಿ ದೊಡ್ಡದಾಗುತ್ತವೆ. ಕರುವಿನ ಕಡೆಯ ಚೀಲದ ಮೇಲೂ ಪ್ರತಿ ಗುಂಡಿಗೆ ಸರಿಯಾಗಿ ಒಂದೊಂದು ಜೋಡಿ. ರವಕೆಗೆ ಹಾಕುವ ಟಿಚ್ ಬಟನ್ ನೆನಪಿಸಿಕೊಳ್ಳಿ. ಒಂದು ಬದಿ ತಾಯಿಯದು, ಇನ್ನೊಂದು ಬದಿ ಕರುವಿನದು.

ಆದರೆ ಬಟನ್ನಿಗಿಂತ ಇದು ಬಿಗಿ. ಕರುವಿನ ಬದಿಯಿಂದ ಬೇರಿನಂಥ ಸಾವಿರಾರು ಎಳೆಗಳು ತಾಯಿಯ ಗುಂಡಿಯ ಒಳಗಿನ ಸಂದುಗಳಿಗೆ ಇಳಿದಿರುತ್ತವೆ. ಆಹಾರ, ಆಮ್ಲಜನಕ ಎಲ್ಲ ದಾಟುವುದು ಅಲ್ಲೇ. ಎಳೆ ಮತ್ತು ಸಂದಿನ ನಡುವೆ ಅಂಟಿನ ಕೆಲಸ ಮಾಡುವ ಮುಖ್ಯ ವಸ್ತು ಕೊಲಾಜನ್ ಎಂಬ ಪ್ರೋಟೀನು.

ಕೊಲಾಜನ್ ನಮಗೆ ಅಪರಿಚಿತವೇನಲ್ಲ. ಚರ್ಮ, ಸ್ನಾಯುರಜ್ಜು, ಎಲುಬು ಎಲ್ಲದರ ಗಟ್ಟಿತನಕ್ಕೆ ಅದೇ ಕಾರಣ. ಹಿಂದೆ ಬಡಗಿಗಳು ಚರ್ಮ-ಎಲುಬು ಬೇಯಿಸಿ ತೆಗೆದ ಸರಿಯಲ್ಲಿ ಮರ ಅಂಟಿಸುತ್ತಿದ್ದರು. ಅದು ಕರಗಿದ ಕೊಲಾಜನ್ನೇ. ಆ ಹೆಸರಿನ ಮೂಲ ಅರ್ಥವೂ "ಅಂಟು ಹುಟ್ಟಿಸುವುದು" ಅಂತಲೇ. ಅದರ ನಾರು ಮೂರೆಳೆ ಹುರಿಹಗ್ಗದಂತೆ ಹೊಸೆದುಕೊಂಡಿರುವುದರಿಂದ ಸಾಮಾನ್ಯ ಜೀರ್ಣರಸಗಳೂ ಸುಲಭದಲ್ಲಿ ತುಂಡು ಮಾಡಲಾರವು. ಹಾಗಿದ್ದರೆ ಆರೆಂಟು ಗಂಟೆಯಲ್ಲಿ ಇದನ್ನು ಬಿಡಿಸುವವರು ಯಾರು?

ಗೊದಮೊಟ್ಟೆಯ ಬಾಲದಲ್ಲಿ ಸಿಕ್ಕಿದ ಗುಟ್ಟು

ಉತ್ತರ ಸಿಕ್ಕಿದ್ದು ಹಸುವಿನಲ್ಲಿ ಅಲ್ಲ, ಕಪ್ಪೆಮರಿಯಲ್ಲಿ. ಗೊದಮೊಟ್ಟೆಗೆ ಬಾಲ ಇರುತ್ತದೆ, ಕಪ್ಪೆಯಾಗುವಾಗ ಇರುವುದಿಲ್ಲ. ಬಾಲ ಉದುರಿ ಬೀಳುವುದೂ ಇಲ್ಲ, ಕರಗಿ ಮಾಯವಾಗುತ್ತದೆ. ಮಳೆಗಾಲದ ಗದ್ದೆಯಲ್ಲಿ ನಾವೆಲ್ಲ ನೋಡಿದ್ದೇ. 1962ರಲ್ಲಿ ಅಮೆರಿಕದಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಎಂಬ ಇಬ್ಬರು ಒಂದು ಸರಳ ಪರೀಕ್ಷೆ ಮಾಡಿದರು. ಕೊಲಾಜನ್ನಿನ ಲೋಳೆ ತಯಾರಿಸಿ, ಅದರ ಮೇಲೆ ಗೊದಮೊಟ್ಟೆಯ ಬಾಲದ ಚೂರು ಇಟ್ಟರು. ಚೂರಿನ ಸುತ್ತ ಲೋಳೆ ಕರಗಿ ನೀರಾಯಿತು. ಕೊಲಾಜನ್ನನ್ನು ಕತ್ತರಿಸುವ ಕಿಣ್ವವೊಂದು ಪ್ರಾಣಿಯ ದೇಹದಲ್ಲೇ ತಯಾರಾಗುತ್ತದೆ ಎಂದು ಗೊತ್ತಾದದ್ದು ಹೀಗೆ. ಅದಕ್ಕೆ ಕೊಲಾಜನೇಸ್ ಎಂದು ಹೆಸರು.

ಆಮೇಲೆ ಇದೇ ಬಳಗದ ಕಿಣ್ವಗಳು ಒಂದೊಂದಾಗಿ ಸಿಕ್ಕಿದವು. ಸಸ್ತನಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು. ಇಡೀ ಬಳಗಕ್ಕೆ ಮ್ಯಾಟ್ರಿಕ್ಸ್ ಮೆಟಲೋಪ್ರೋಟಿನೇಸ್ ಎಂಬ ಬಾಯಿ ತಿರುಗದ ಹೆಸರಿದೆ. ಚುಟುಕಾಗಿ ಎಂಎಂಪಿ ಅನ್ನೋಣ. ಹೆಸರಿನ ನಡುವೆ 'ಮೆಟಲ್' ಬಂದದ್ದು ಯಾಕೆಂದರೆ, ಈ ಕತ್ತರಿಗಳ ಅಲಗಿನಲ್ಲಿ ಸತುವಿನ ಒಂದು ಕಣ ಇದೆ. ಅದು ಇಲ್ಲದಿದ್ದರೆ ಕತ್ತರಿ ಮೊಂಡು. ಕ್ಯಾಲ್ಸಿಯಂ ಕೂಡ ಬೇಕು.

ಇಂಥ ಕತ್ತರಿ ಮೈಯಲ್ಲಿ ಸುಮ್ಮನೆ ತಿರುಗುತ್ತಿದ್ದರೆ ಮೈಯೇ ಕರಗೀತು. ಹಾಗಾಗಿ ದೇಹ ಅವನ್ನು ಒರೆ ಹಾಕಿಯೇ ತಯಾರಿಸುತ್ತದೆ. ಹೊತ್ತು ಬಂದಾಗ ಒರೆ ಕಳಚಿ ಕೆಲಸಕ್ಕೆ ಇಳಿಸುತ್ತದೆ. ಸಾಲದ್ದಕ್ಕೆ ಇವುಗಳ ಕೈ ಹಿಡಿದು ನಿಲ್ಲಿಸುವ ಬೇರೆ ಪ್ರೋಟೀನುಗಳನ್ನೂ ಪಕ್ಕದಲ್ಲೇ ಇಟ್ಟಿರುತ್ತದೆ. ಕತ್ತರಿಸುವವರು, ತಡೆಯುವವರು. ಇಬ್ಬರ ತಕ್ಕಡಿ ಯಾವ ಕಡೆ ವಾಲುತ್ತದೋ ಹಾಗೆ ಅಂಗಾಂಶ ಸಡಿಲವಾಗುತ್ತದೆ ಅಥವಾ ಗಟ್ಟಿಯಾಗುತ್ತದೆ.

ತೋಟದವರಿಗೆ ಇದು ಹೊಸ ಸಂಗತಿಯೇ ಅಲ್ಲ. ಅಡಿಕೆ ಮರದ ಸೋಗೆ ಹಣ್ಣಾಗಿ, ಹಾಳೆ ಸಮೇತ ಬೀಳುತ್ತದೆ. ಗಿಡಗಳಲ್ಲಿ ಎಲೆ ಕಳಚುವ ಜಾಗದಲ್ಲಿ ಜೀವಕೋಶಗಳ ನಡುವಿನ ಅಂಟನ್ನು ಕಿಣ್ವಗಳು ಕರಗಿಸುತ್ತವೆ, ಗಾಯ ಒಳಗಿಂದಲೇ ಮುಚ್ಚಿಕೊಂಡಿರುತ್ತದೆ. ಹಸಿ ಸೋಗೆಯನ್ನು ಜಗ್ಗಿ ನೋಡಿ. ಹಾಳೆ ಸಿಗಿದು ಬರುತ್ತದೆ, ಒಳಗೆ ಮಲಗಿದ್ದ ಹಿಂಗಾರಕ್ಕೆ ಪೆಟ್ಟು. ಅಂಟು ಬಿಟ್ಟಿದ್ದಕ್ಕೂ ಕಿತ್ತದ್ದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಕೆಲಸ ಶುರುವಾಗುವುದು ಕರು ಹಾಕುವ ಮೊದಲೇ

ಹೆರಿಗೆ ಹತ್ತಿರ ಬಂದಾಗ ಬಾಲದ ಬುಡದ ಎರಡೂ ಬದಿ ಗುಳಿ ಬೀಳುತ್ತದೆ. "ಸೊಂಟ ಬಿಟ್ಟಿದೆ, ಇವತ್ತು ನಾಳೆ ಕರು ಹಾಕೀತು" ಅಂತ ಹಿರಿಯರು ಲೆಕ್ಕ ಹೇಳುವುದು ಇದನ್ನು ನೋಡಿಯೇ. ಸೊಂಟದ ಮೂಳೆಗಳನ್ನು ಕಟ್ಟಿಟ್ಟ ಪಟ್ಟಿಗಳು ಕೊಲಾಜನ್ನಿನವು. ಹಾರ್ಮೋನುಗಳು ಬದಲಾದಂತೆ ಅವು ಸಡಿಲವಾಗುತ್ತವೆ. ಗರ್ಭಕೋಶದ ಬಾಯಿಯೂ ಹೀಗೇ ಮೆತ್ತಗಾಗುತ್ತದೆ. ನಮ್ಮ ಕಣ್ಣಿಗೆ ಕಾಣದ ಒಳಗಡೆ, ಗುಂಡಿಗಳ ಅಂಟೂ ಕೊನೆಯ ವಾರಗಳಲ್ಲಿ ಬಲಿತು, ಬಿಡುವುದಕ್ಕೆ ತಯಾರಾಗುತ್ತಿರುತ್ತದೆ.

ಅವಧಿಗೆ ಮುಂಚೆ ಕರು ಹಾಕಿದರೆ, ಕಂದು ಹಾಕಿದರೆ, ಔಷಧಿ ಕೊಟ್ಟು ಬೇಗ ಹೆರಿಗೆ ಮಾಡಿಸಿದರೆ ಕಸ ನಿಲ್ಲುವುದು ಹೆಚ್ಚು. ಕಾರಣ ಈಗ ಸ್ಪಷ್ಟ ತಾನೆ? ಸೋಗೆ ಇನ್ನೂ ಹಸಿ. ಅವಳಿ ಕರುವಿನಲ್ಲಿ ಕೂಡ ಹೆರಿಗೆ ಸಾಧಾರಣವಾಗಿ ಮೊದಲೇ ಆಗುತ್ತದೆ. ಸಹಜ ಹೆರಿಗೆಯಲ್ಲಿ ನೂರಕ್ಕೆ ಐದರಿಂದ ಹತ್ತು ಹಸುಗಳಲ್ಲಿ ಕಸ ನಿಂತೀತು ಎನ್ನುವುದು ಪುಸ್ತಕದ ಲೆಕ್ಕ. ಇಂಥ ಸಂದರ್ಭಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ.

ಇನ್ನೊಂದು ಪಾತ್ರಧಾರಿ ಇದೆ, ಬಿಳಿ ರಕ್ತಕಣ. ಗಬ್ಬದ ಕಾಲದಲ್ಲಿ ತಾಯಿಯ ದೇಹ ಕರುವನ್ನು ಪರಕೀಯ ಎಂದು ಗುರುತಿಸದೆ ಸುಮ್ಮನಿರುತ್ತದೆ. ಹೆರಿಗೆ ಹೊತ್ತಿಗೆ ಆ ಮೌನ ಮುರಿಯುತ್ತದೆ. ಕಸ ಈಗ ಬೇಡದ ವಸ್ತು. ಬಿಳಿ ರಕ್ತಕಣಗಳು ಗುಂಡಿಗಳಿಗೆ ಮುತ್ತುತ್ತವೆ, ಕೊಲಾಜನ್ ಕರಗಿಸುವ ಕಿಣ್ವ ಸುರಿಸುತ್ತವೆ. ಕಸ ನಿಲ್ಲುವ ಹಸುಗಳಲ್ಲಿ ಈ ಕಣಗಳು ಆ ಕಡೆಗೆ ಸರಿಯಾಗಿ ಹೋಗುವುದಿಲ್ಲ ಎಂದು 1980ರ ದಶಕದಲ್ಲಿ ಹಾಲೆಂಡಿನ ಗುನ್ನಿಂಕ್ ತೋರಿಸಿದರು. 2002ರಲ್ಲಿ ಅಮೆರಿಕದ ಅಯೋವಾದ ಸಂಶೋಧಕರು ಇನ್ನೂ ಮುಂದೆ ಹೋದರು. ಅಂಥ ಹಸುಗಳ ಬಿಳಿ ರಕ್ತಕಣಗಳು ಕರು ಹಾಕುವ ಮೊದಲೇ ಸೋತಿರುತ್ತವೆ ಎಂದು ಕಂಡುಕೊಂಡರು. ಅಂದರೆ ಕಸ ನಿಲ್ಲುವುದೆಂಬುದು ಹೆರಿಗೆಯ ದಿನ ಹುಟ್ಟುವ ಸಮಸ್ಯೆಯಲ್ಲ. ಅದರ ಬೀಜ ಕೊನೆಯ ಎರಡು ಮೂರು ವಾರದ ಮೇವಿನಲ್ಲಿ, ಆರೈಕೆಯಲ್ಲಿ ಇದೆ.

ಕುದುರೆಯ ಲೆಕ್ಕವೇ ಬೇರೆ

ಕಿಣ್ವಗಳ ಈ ವಿಷಯ ಹುಡುಕುತ್ತ ಹೋದರೆ ಕುದುರೆಗಳ ಬಗ್ಗೆ ಬೇಕಾದಷ್ಟು ಮಾಹಿತಿ ಎದುರಾಗುತ್ತದೆ. ಆಶ್ಚರ್ಯವಿಲ್ಲ. ಒಂದು ಜೂಜುಕುದುರೆಯ ಬೆಲೆಗೆ ನಮ್ಮ ಊರಿನ ಹಟ್ಟಿಗಳನ್ನೆಲ್ಲ ಕೊಳ್ಳಬಹುದು! ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಕಡೆಯವರಿಗೆ ಇದರ ಅನುಭವ ಇದ್ದೀತು. ನಮಗೆ ಕುದುರೆ ಇಲ್ಲದಿದ್ದರೂ ಹೋಲಿಸಿ ನೋಡುವುದು ಉಪಯುಕ್ತ.

ಕುದುರೆಯಲ್ಲಿ ಗುಂಡಿಗಳಿಲ್ಲ. ಕಸ ಇಡೀ ಗರ್ಭಕೋಶದ ಒಳಮೈಗೆ ಮಖಮಲ್ಲಿನಂತೆ ಸಣ್ಣ ಸಣ್ಣ ಕುಚ್ಚುಗಳಲ್ಲಿ ಅಂಟಿಕೊಂಡಿರುತ್ತದೆ. ಹಿಡಿತ ಆಳವಿಲ್ಲ, ಬೇಗ ಬಿಡುತ್ತದೆ. ಮರಿ ಹಾಕಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಬೀಳಬೇಕು. ಮೂರು ಗಂಟೆ ದಾಟಿತೋ, ಅದು ತುರ್ತು ಪರಿಸ್ಥಿತಿ. ಒಂದು ಚೂರು ಒಳಗುಳಿದರೂ ನಂಜು ರಕ್ತಕ್ಕೆ ಸೇರಿ ಗೊರಸಿನ ಒಳಗೆ ಉರಿಯೂತವಾಗಿ ಕುದುರೆ ಕುಂಟಾಗುತ್ತದೆ, ಸಾಯಲೂಬಹುದು. ನಮ್ಮ ಹಸು ಆ ಮಟ್ಟಿಗೆ ಗಟ್ಟಿ ಜೀವ. 24 ಗಂಟೆಯ ನಂತರವೂ ಮೇವು ತಿನ್ನುತ್ತ ನಿಂತಿರುತ್ತದೆ.

ಗರ್ಭಕೋಶ ಮೊದಲಿನ ಸ್ಥಿತಿಗೆ ಬರುವುದರಲ್ಲಿಯೂ ಕುದುರೆ ಚುರುಕು. ಮರಿ ಹಾಕಿ ಹತ್ತು ದಿನದ ಆಸುಪಾಸಿನಲ್ಲೇ ಮತ್ತೆ ಬೆದೆಗೆ ಬರುತ್ತದೆ. ಆದರೆ ವಯಸ್ಸಾದ ಕುದುರೆಗಳಲ್ಲಿ ಕತ್ತರಿಸುವ-ತಡೆಯುವ ತಕ್ಕಡಿ ತಪ್ಪಿ, ಗರ್ಭಕೋಶದ ಗ್ರಂಥಿಗಳ ಸುತ್ತ ಕೊಲಾಜನ್ ಪದರಪದರವಾಗಿ ಕೂರುತ್ತದೆ. ಗಾಯದ ಕಲೆಯ ಹಾಗೆ ಒಳಗೆಲ್ಲ ಗಡುಸು. ಇಂಥ ಕುದುರೆಯಲ್ಲಿ ಗಬ್ಬ ನಿಲ್ಲುವುದು ಕಷ್ಟ. ಗರ್ಭಕೋಶದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಎಷ್ಟು ಗಡುಸಾಗಿದೆ ಎಂದು ದರ್ಜೆ ಕೊಡುವ ಕ್ರಮ 1970ರ ದಶಕದಿಂದಲೂ ಇದೆ. ಆದ ಗಡುಸನ್ನು ಮತ್ತೆ ಮೆದು ಮಾಡುವ ಖಾತ್ರಿ ಮದ್ದು ಮಾತ್ರ ಬಂದಿಲ್ಲ.

ಕೈ ಹಾಕಿ ಎಳೆಯುವವರ ಬಗ್ಗೆ

ಈಗ ನಮ್ಮ ಹಟ್ಟಿಗೆ ಬರೋಣ. ನೇತಾಡುವ ಕಸಕ್ಕೆ ಕಲ್ಲು ಕಟ್ಟುವುದು, ಹಳೆ ಚಪ್ಪಲಿ ಕಟ್ಟುವುದು, "ಕೈಗುಣ" ಇದ್ದವರನ್ನು ಕರೆಸಿ ಎಳೆಸುವುದು ಹಲವು ಕಡೆ ಇವತ್ತಿಗೂ ನಡೆದಿದೆ. ನಮ್ಮ ನೆರೆಯಲ್ಲಿ ಎರಡನೇ ಕರುವಿನ ಒಂದು ಜರ್ಸಿ ಮಿಶ್ರತಳಿಗೆ ಹೀಗೆ ಮಾಡಿಸಿದರು. ಬಂದವನು ಮೊಣಕೈವರೆಗೆ ಕೈ ಹಾಕಿ ಕಾಲು ಗಂಟೆಯಲ್ಲಿ ಕಸ ತೆಗೆದು ತೋರಿಸಿದ. ಎಲ್ಲರಿಗೂ ಸಮಾಧಾನ. ಮೂರನೇ ದಿನ ಜ್ವರ, ಗಬ್ಬು ವಾಸನೆಯ ಸೋರಿಕೆ. ಹಸು ಬದುಕಿತು. ಆದರೆ ಆ ಸೂಲಿನಲ್ಲಿ ಹಾಲು ಏರಲೇ ಇಲ್ಲ, ಏಳು ತಿಂಗಳು ಬೆದೆಯೂ ಇಲ್ಲ. ಕೊನೆಗೆ ಸಿಕ್ಕಿದ ಬೆಲೆಗೆ ಕೊಟ್ಟರು. ಒಂದೇ ಹಸು ಇದ್ದ ಮನೆ ಅದು. ಡೈರಿಯ ದುಡ್ಡು ಅಲ್ಲಿಗೆ ನಿಂತಿತು.

ಎಳೆದಾಗ ಆಗುವುದೇನು? ಅಂಟು ಬಿಡದ ಗುಂಡಿ ಹರಿಯುತ್ತದೆ, ಇಲ್ಲವೇ ಕರುವಿನ ಕಡೆಯ ಎಳೆಗಳು ತುಂಡಾಗಿ ಸಂದಿನೊಳಗೇ ಉಳಿಯುತ್ತವೆ. ಹೊರಗೆ ಬಂದದ್ದನ್ನು ನೋಡಿ ಎಲ್ಲ ಬಂತು ಅಂದುಕೊಳ್ಳುತ್ತೇವೆ. ಹರಿದ ಜಾಗ ಸೂಕ್ಷ್ಮಾಣುಗಳಿಗೆ ತೆರೆದ ಬಾಗಿಲು. ಕೈ ಹಾಕದೆ ಬಿಟ್ಟ ಕಸ ಹೆಚ್ಚಿನ ಹಸುಗಳಲ್ಲಿ ಐದರಿಂದ ಹತ್ತು ದಿನದೊಳಗೆ ತಾನಾಗಿ ಬೀಳುತ್ತದೆ. ವಾಸನೆ ಬರುತ್ತದೆ, ನಿಜ. ಹಾಲು ಕರೆಯುವವರಿಗೆ ಹಿಂಸೆ. ನೆಲಕ್ಕೆ ತಾಗುವಷ್ಟು ಉದ್ದ ಇದ್ದರೆ ಮೊಣಕಾಲಿನ ಗಂಟಿನ ಮೇಲಕ್ಕೆ ಕತ್ತರಿಸಿಬಿಡಿ, ಸಾಕು.

ಕಾಯುವುದೆಂದರೆ ಕೈ ಕಟ್ಟಿ ಕೂರುವುದಲ್ಲ. ದಿನಕ್ಕೆರಡು ಸಲ ಜ್ವರ ನೋಡಬೇಕು. ಮೆಡಿಕಲ್ ಶಾಪಿನ ಸಾದಾ ಥರ್ಮಾಮೀಟರ್ ಸಾಕು, ಗುದದ್ವಾರದಲ್ಲಿ ಎರಡು ನಿಮಿಷ. 103 ಡಿಗ್ರಿ ದಾಟಿದರೆ, ಮೇವು ಬಿಟ್ಟರೆ, ಮಂಕಾಗಿ ನಿಂತರೆ ಕೂಡಲೇ ಡಾಕ್ಟರನ್ನು ಕರೆಯಿರಿ. ಅಂಥ ಹಸುವಿಗೆ ಇಂಜೆಕ್ಷನ್ನಿನಲ್ಲಿ ಕೊಡುವ ಪ್ರತಿಜೀವಕ ಜೀವ ಉಳಿಸುತ್ತದೆ. ಔಷಧಿ ಕೊಟ್ಟಷ್ಟು ದಿನ, ಆಮೇಲೆ ಡಾಕ್ಟರು ಹೇಳಿದಷ್ಟು ದಿನ ಹಾಲು ಡೈರಿಗೆ ಹಾಕಬಾರದು.

ಗರ್ಭಕೋಶದೊಳಗೆ ಮಾತ್ರೆ ಇಡುವುದು ಬೇರೆ ವಿಷಯ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಸೂಕ್ಷ್ಮಾಣುಗಳನ್ನು ತಡೆಯುವುದರ ಜೊತೆಗೆ ನಾವು ಆಗಲೇ ನೋಡಿದ ಎಂಎಂಪಿ ಕತ್ತರಿಗಳ ಅಲಗನ್ನೂ ಹಿಡಿದುಬಿಡುತ್ತವೆ. ಮನುಷ್ಯರ ವಸಡು ರೋಗದಲ್ಲಿ ಇದೇ ಗುಣಕ್ಕಾಗಿ ಅದೇ ಗುಂಪಿನ ಡಾಕ್ಸಿಸೈಕ್ಲಿನ್ನನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕೊಡುವುದುಂಟು. ಅಲ್ಲಿ ವಸಡಿನ ಕೊಲಾಜನ್ ಕರಗಬಾರದು, ಸರಿ. ಇಲ್ಲಿ ನಮಗೆ ಕರಗಲೇಬೇಕು! ಜ್ವರವಿಲ್ಲದ ಹಸುವಿಗೆ "ಯಾವುದಕ್ಕೂ ಇರಲಿ" ಅಂತ ಮಾತ್ರೆ ಇಡಿಸುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಈ ಮಾತು ಎತ್ತಿ ನೋಡಿ. ಒಳ್ಳೆಯ ಡಾಕ್ಟರಿಗೆ ಇಂಥ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ಹಾಗಾದರೆ ಕಿಣ್ವವನ್ನೇ ಹೊರಗಿಂದ ಕೊಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. 1990ರ ದಶಕದಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಎಯ್ಲರ್ ಮತ್ತು ಹಾಪ್ಕಿನ್ಸ್, ಸೂಕ್ಷ್ಮಾಣುಗಳಿಂದ ತೆಗೆದ ಕೊಲಾಜನೇಸನ್ನು ಒಂದು ಲೀಟರ್ ಸಲೈನಿನಲ್ಲಿ ಕರಗಿಸಿ, ನೇತಾಡುವ ಹೊಕ್ಕುಳಬಳ್ಳಿಯ ರಕ್ತನಾಳಗಳ ಮೂಲಕ ಒಳಕ್ಕೆ ಬಿಟ್ಟರು. ಕಿಣ್ವ ನೇರ ಗುಂಡಿಗಳಿಗೇ ತಲುಪಿತು, ಹೆಚ್ಚಿನ ಹಸುಗಳಲ್ಲಿ ಕಸ ಬಿತ್ತು. ಕುದುರೆಯಲ್ಲೂ ಇದು ಕೆಲಸ ಮಾಡಿತು. ಆದರೆ ಕಿಣ್ವ ತುಟ್ಟಿ, ಹೊಕ್ಕುಳಬಳ್ಳಿ ಸುಸ್ಥಿತಿಯಲ್ಲಿ ಕೈಗೆ ಸಿಗಬೇಕು, ನುರಿತವರು ಬೇಕು. ನಮ್ಮ ಹಳ್ಳಿಯ ಹಟ್ಟಿಗೆ ಎಟಕುವ ಮದ್ದಲ್ಲ. ಅಂಟೇ ಮೂಲ ಎಂಬುದು ಮಾತ್ರ ಇದರಿಂದ ಗಟ್ಟಿಯಾಯಿತು.

ನಾಟಿ ಮದ್ದು? ಬಿದಿರಿನ ಎಲೆ ತಿನ್ನಿಸುವುದು ನಮ್ಮಲ್ಲಿ ಹಿಂದಿನಿಂದ ಇದೆ. ಕರು ಹಾಕಿದ ಎರಡು ಗಂಟೆಯೊಳಗೆ ಒಂದು ಬಿಳಿ ಮೂಲಂಗಿ ತಿನ್ನಿಸುವುದು, ಆಮೇಲೂ ಬೀಳದಿದ್ದರೆ ಬೆಂಡೆಕಾಯಿ-ಬೆಲ್ಲ-ಉಪ್ಪು ಕೊಡುವುದು ಇವನ್ನೂ ಕೆಲವರು ಹೇಳುತ್ತಾರೆ. ಕೊಡಿ, ತೊಂದರೆಯೇನಿಲ್ಲ. ಆದರೆ ಜ್ವರ ಬಂದ ಹಸುವಿಗೆ ಸೊಪ್ಪು ತಿನ್ನಿಸುತ್ತ ಎರಡು ದಿನ ಕಳೆದರೆ ಅದು ತೊಂದರೆ.

ಗಿಣ್ಣ ಹಾಲು ತಡೆಯಬೇಡಿ

ಕಸ ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಎಂಬ ನಂಬಿಕೆ ಹಲವು ಊರುಗಳಲ್ಲಿದೆ. ಇದರಿಂದ ಎರಡು ಕಡೆ ನಷ್ಟ. ಗಿಣ್ಣ ಹಾಲಿನಲ್ಲಿರುವ ರೋಗ ತಡೆಯುವ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿದಂತೆ. ಇನ್ನು ತಾಯಿಯ ಕಡೆ, ಕರು ಚೀಪಿದಾಗ ಅದರ ಮೈಯಲ್ಲಿ ಆಕ್ಸಿಟೋಸಿನ್ ಹಾರ್ಮೋನು ಏಳುತ್ತದೆ. ಹಾಲು ಸೊರೆಯುವುದೂ ಅದರಿಂದಲೇ, ಗರ್ಭಕೋಶ ಹಿಂಡಿಕೊಳ್ಳುವುದೂ ಅದರಿಂದಲೇ. ಅಂಟು ಬಿಟ್ಟ ಕಸವನ್ನು ಹೊರಗೆ ದೂಡುವುದು ಈ ಹಿಂಡುವಿಕೆ. ಅಂದರೆ ಕಸ ಬೀಳಲಿ ಅಂತ ಕರುವನ್ನು ದೂರ ಕಟ್ಟುವವರು ಬೀಳಿಸುವವನನ್ನೇ ದೂರ ಕಟ್ಟಿದ ಹಾಗೆ.

ಮುಂಜಾಗ್ರತೆ ವಿಷಯಕ್ಕೆ ಬಂದರೆ, ಕಿಣ್ವಕ್ಕೆ ಸತು ಬೇಕೆಂದು ಸತು ತಿನ್ನಿಸಿದ ಕೂಡಲೇ ಕಸ ಬೀಳುತ್ತದೆ ಎಂದು ಯಾರೂ ತಿಳಿಯಬಾರದು. ಅಷ್ಟು ನೇರ ಲೆಕ್ಕ ದೇಹದಲ್ಲಿ ಇಲ್ಲ. ಬಿಳಿ ರಕ್ತಕಣಗಳು ಗಟ್ಟಿಯಾಗಿರಲು ವಿಟಮಿನ್ ಇ ಮತ್ತು ಸೆಲೆನಿಯಂ ಬೇಕು. ಒಣ ಹುಲ್ಲಿನಲ್ಲಿ ವಿಟಮಿನ್ ಇ ಇಲ್ಲವೆನ್ನುವಷ್ಟು ಕಡಿಮೆ, ಹಸಿ ಮೇವಿನಲ್ಲಿ ಧಾರಾಳ. ಬೇಸಿಗೆಯಲ್ಲಿ ಬರೀ ಬೈಹುಲ್ಲು-ಹಿಂಡಿಯಲ್ಲಿ ದಿನ ದೂಡಿದ ತುಂಬುಗಬ್ಬದ ಹಸುವಿನ ಬಗ್ಗೆ ನನಗೆ ಯಾವಾಗಲೂ ಭಯ. ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ, ದಿನಾ ಒಂದು ಹೊರೆ ಹಸಿ ಹುಲ್ಲು, ಖನಿಜ ಮಿಶ್ರಣ ಕೊಡಬೇಕು. ಸೆಲೆನಿಯಂ ಇಂಜೆಕ್ಷನ್ ಡಾಕ್ಟರು ಹೇಳಿದರೆ ಮಾತ್ರ. ಅದು ಸ್ವಲ್ಪ ಹೆಚ್ಚಾದರೂ ವಿಷ. ಹಾಲುಜ್ವರ ಬರುವ ಹಸುವಿನಲ್ಲಿ ಕ್ಯಾಲ್ಸಿಯಂ ಸಾಲದೆ ಗರ್ಭಕೋಶ ಹಿಂಡುವುದು ಸೋಲುತ್ತದೆ. ಅಲ್ಲೂ ಕಸ ನಿಲ್ಲುವ ಸಂಭವ ಜಾಸ್ತಿ.

ಬಿದ್ದ ಮೇಲೂ ಕತ್ತರಿಗೆ ಕೆಲಸ

ಕರು ಹಾಕಿದ ದಿನ ಗರ್ಭಕೋಶದ ತೂಕ ಸುಮಾರು ಒಂಬತ್ತು ಕಿಲೋ. ಒಂದು ತಿಂಗಳಲ್ಲಿ ಒಂದು ಕಿಲೋಗೆ ಇಳಿಯುತ್ತದೆ. ಆ ಎಂಟು ಕಿಲೋ ಎಲ್ಲಿ ಹೋಯಿತು? ಕುಗ್ಗಿದ್ದು ಸ್ವಲ್ಪ, ಸೋರಿದ್ದು ಸ್ವಲ್ಪ, ಉಳಿದದ್ದನ್ನು ಇದೇ ಕಿಣ್ವಗಳು ಕರಗಿಸುತ್ತವೆ. ಎರಡು ಮೂರು ವಾರ ಕಂದುಗೆಂಪು ಸೋರಿಕೆ ಇದ್ದರೆ, ಕೆಟ್ಟ ವಾಸನೆ ಇಲ್ಲದಿದ್ದರೆ ಹೆದರಬೇಕಿಲ್ಲ. ಪೂರ್ತಿ ಸುಧಾರಿಸಲು ಆರು ವಾರದ ಆಸುಪಾಸು ಬೇಕು. ಕಸ ನಿಂತು ನಂಜಾದ ಹಸುವಿಗೆ ಇನ್ನೂ ಹೆಚ್ಚು. ಬೇಗ ಬೆದೆಗೆ ಬಂದರೂ ಎರಡು ತಿಂಗಳವರೆಗೆ ಇಂಜೆಕ್ಷನ್ ಹಾಕಿಸಲು ಅವಸರ ಮಾಡಬಾರದು.

ಕೊನೆಯದಾಗಿ, ಬರಿಗೈಯಲ್ಲಿ ಕಸ ಮುಟ್ಟುವ ವಿಷಯ. ಆರು ತಿಂಗಳು ದಾಟಿದ ಮೇಲೆ ಕಂದು ಹಾಕಿ ಕಸ ನಿಂತರೆ ಅದು ಬ್ರುಸೆಲ್ಲಾ ರೋಗ ಇರಬಹುದು. ಕಸದಲ್ಲಿ, ನೀರಿನಲ್ಲಿ ಅದರ ಸೂಕ್ಷ್ಮಾಣುಗಳು ತುಂಬಿರುತ್ತವೆ. ಮನುಷ್ಯರಿಗೂ ಬರುತ್ತದೆ. ಬಂದುಹೋಗುವ ಜ್ವರ, ಕೀಲುನೋವು, ಬೆನ್ನುನೋವು ಅಂತ ತಿಂಗಳುಗಟ್ಟಲೆ ಕಾಡುತ್ತದೆ. ಕಂದು ಹಾಕಿದ ಹಸುವಿನ ರಕ್ತಪರೀಕ್ಷೆ ಮಾಡಿಸಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಇದಕ್ಕೆ ಲಸಿಕೆ ಇದೆ. 2019ರಲ್ಲಿ ಶುರುವಾದ ಕಾಲುಬಾಯಿ ಜ್ವರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ.

ಕಸವನ್ನು ಹುಲ್ಲಿನಲ್ಲಿ ಸುತ್ತಿ ಹಾಲು ಬರುವ ಮರಕ್ಕೆ, ಆಲಕ್ಕೋ ಗೋಳಿಗೋ ಕಟ್ಟುವ ಪದ್ಧತಿ ಇದೆ. ಹಸು ಹಾಲು ಜಾಸ್ತಿ ಕೊಡಲಿ ಎಂಬ ಆಸೆ. ಕಾಗೆ, ನಾಯಿ ಅದನ್ನು ಎಳೆದಾಡಿ ಊರೆಲ್ಲ ಹರಡುತ್ತವೆ. ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಂಡು ಎತ್ತಿ, ಬಾವಿಯಿಂದ ದೂರ ಮೂರು ನಾಲ್ಕು ಅಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂತು, ಮೇಲೆ ಒಂದು ಕಲ್ಲು ಇಟ್ಟುಬಿಡಿ.